ಇನ್ನೊಂಚೂರು ಹಾಕಿದ್ರೆ

ನಮ್ಮ ಮೇಸ್ತ್ರಿ ಬಾಯಿಬಿಟ್ಟರೆ ‘ಇನ್ನೊಂಚೂರು ರೊಕ್ಕ ಹಾಕಿದ್ರೆ ರಿಚ್ ಆಗ್ತೈತ್ರಿ ಸಾರ್’ ಎನ್ನುತ್ತಾರೆ. ರಿಚ್ ಆಗುವುದು ಮನೆ, ನಾನಲ್ಲ.

ಮೊದಲ ಜಗಳ ನೆಲದ್ದು. ನನ್ನಾಕೆಗೆ ಹಾಲಿನಂಥ ಬಿಳಿ ಟೈಲ್ಸೇ ಬೇಕು. ಅದೂ ಕುರೆಕುಪ್ಪದಲ್ಲಿ! ಒಂದು ಕಡೆ ಸಂಡೂರಿನ ಕಬ್ಬಿಣದ ಗುಡ್ಡಗಳು, ಇನ್ನೊಂದು ಕಡೆ ತೋರಣಗಲ್ಲಿನತ್ತ ಓಡುವ ಅದಿರಿನ ಲಾರಿಗಳು. ಇಲ್ಲಿ ಬಿಳಿ ನಾಯಿಯೂ ಸಂಜೆಯ ಹೊತ್ತಿಗೆ ಕೆಂದನಾಯಿ. ‘ಧೂಳಿನ ಬಣ್ಣದ್ದೇ ಹಾಕಿಸೋಣ, ಹಬ್ಬಕ್ಕೊಮ್ಮೆ ಒರೆಸಿದರೂ ನಡೀತದೆ’ ಎಂದೆ. ‘ಈಗ ದಿನಾ ಒರೆಸೋರು ಯಾರು, ನೀವಾ?’ ಎಂದಳು. ಟೈಲ್ಸ್ ಬಿಳಿಯದೇ ಆಯಿತು.

ಸೋಲಾರ್ ಹೀಟರ್ ಮಾತ್ರ ಸದ್ಯಕ್ಕೆ ಬೇಡವೆಂದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಜಿಲ್ಲೆಯಲ್ಲಿ ತಾರಸಿಯ ಕರಿ ಟ್ಯಾಂಕೇ ಬಿಟ್ಟಿ ಗೀಸರ್. ನೀರನ್ನು ತಣ್ಣಗೆ ಮಾಡುವ ಯಂತ್ರವಿದ್ದರೆ ಹೇಳಿ ಎಂದರೆ ಮೇಸ್ತ್ರಿ ಮಾತು ಮರೆಸಿದರು. ತಾರಸಿಗೆ ಬಿಳಿ ಕೂಲಿಂಗ್ ಪೇಂಟು, ಕಿಟಕಿಗೆ ಸೊಳ್ಳೆ ಜಾಲರಿ, ಇವೆರಡಕ್ಕೆ ಮಾತ್ರ ಚೌಕಾಸಿಯಿಲ್ಲದೆ ತಲೆಯಾಡಿಸಿದೆ.

ಮಗನಿಗೆ ಎರಡು ಕಾರು ಹಿಡಿಯುವ ಶೆಡ್ ಬೇಕಂತೆ. ಹಂಪಿಯ ಗಜಶಾಲೆಯಲ್ಲಿ 11 ಕೋಣೆಗಳಿವೆ, ಸರಿ. ಆದರೆ ಅರಸರ ಬಳಿ ಆನೆಗಳಾದರೂ ಇದ್ದವು. ನಮ್ಮ ಬಳಿ ಇರುವುದೊಂದು ಸ್ಕೂಟರ್, ಅದೂ ಕಿಕ್ ಹೊಡೆದವರ ಋಣ ನೋಡಿ ಏಳುತ್ತದೆ.

ಈಗ ಫಾಲ್ಸ್ ಸೀಲಿಂಗ್ ಚರ್ಚೆ. ಹಲ್ಲಿಗಳಿಗೆ ಪ್ರತ್ಯೇಕ ಮಹಡಿ ಯಾಕೆಂದು ಕೇಳಿದೆ. ‘ಅದರಾಗ ಲೈಟೂ ಕುಂದ್ರಸ್ಬೋದ್ರಿ ಸಾರ್’ ಎಂದು ಮೇಸ್ತ್ರಿ ಟೇಪು ಹಿಡಿದು ಅಳೆಯತೊಡಗಿದರು.