ನೆರಳಿಗೂ ಅಪ್ಪಣೆ ಬೇಕು

ಸ್ಯಾನ್ ಫ್ರಾನ್ಸಿಸ್ಕೋದ ಸನ್‌ಸೆಟ್ ಬಡಾವಣೆ. ಎಂಬತ್ತರ ದಶಕದಲ್ಲೇ ಮನೆ ಕೊಂಡ ರಾಯರು. ಎದುರಿಗೆ ಬಾಡಿಗೆ ಮನೆ ಹುಡುಕಿ ಸುಸ್ತಾದ ಷಡ್ಡಕನ ಮಗ.

"ದೊಡ್ಡಪ್ಪ, ಇಷ್ಟು ದೊಡ್ಡ ಊರಲ್ಲಿ ಒಂದು ರೂಮಿಲ್ವಾ?"

"ಮೂರು ಕಡೆ ನೀರಪ್ಪಾ. ಜಾಗ ಎಲ್ಲಿದೆ?"

"ಮೇಲಕ್ಕೆ ಕಟ್ಟಬಹುದಲ್ಲ?"

"ಮೇಲಕ್ಕಾ! ಬಹುತೇಕ ಬಡಾವಣೆಗಳಿಗೆ 40 ಅಡಿ ಮಿತಿ ಅಂತ ಎಪ್ಪತ್ತರ ದಶಕದಲ್ಲೇ ಹಾಕಿಟ್ಟರು. ಅದನ್ನ ದಾಟಿದರೂ ನೆರಳು ಪಾರ್ಕಿನ ಮೇಲೆ ಬೀಳಬಾರದು. 1984ರಲ್ಲಿ ಜನರೇ ವೋಟು ಹಾಕಿ ಮಾಡಿದ ಕಾನೂನು."

"ಇಲ್ಲಿ ಬೇಸಿಗೆಯಲ್ಲೂ ಮಂಜು. ಬಿಸಿಲೆಲ್ಲಿದೆ?"

"ಅಪರೂಪದ ನೆಂಟನಿಗೆ ಮರ್ಯಾದೆ ಜಾಸ್ತಿ ಕಣೋ. ಮಿಷನ್ ಬಡಾವಣೆಯಲ್ಲಿ ಒಬ್ಬ ತನ್ನ ಲಾಂಡ್ರಿ ಕೆಡವಿ 75 ಮನೆ ಕಟ್ತೀನಿ ಅಂದ. ಆ ಲಾಂಡ್ರಿ ಐತಿಹಾಸಿಕವೋ ಅಲ್ಲವೋ ಅಂತ ಅಧ್ಯಯನ ಮಾಡಿಸಿದರು."

"ಅಯ್ಯೋ! ಏನಂತ ಬಂತು?"

"ಬರೀ ಲಾಂಡ್ರಿ ಅಂತ. ಆಮೇಲೆ ಪಕ್ಕದ ಶಾಲೆಯ ಅಂಗಳಕ್ಕೆ ನೆರಳು ಅಂದರು."

"ಮನೆ ಬೆಲೆ ಇಷ್ಟು ಏರಿದೆ. ನಿಮಗೂ ತೆರಿಗೆ ಹೊರೆ ಅಲ್ವಾ?"

"1978ರ ಪ್ರಸ್ತಾವ 13 ಇರೋದು ಯಾಕೆ? ಮನೆ ಮಾರೋವರೆಗೆ, ತೆರಿಗೆಗೆ ಹಿಡಿಯೋ ಬೆಲೆ ವರ್ಷಕ್ಕೆ 2 ಪರ್ಸೆಂಟ್ ಮೀರಿ ಏರೋ ಹಾಗಿಲ್ಲ. ಪೇಟೆ ಬೆಲೆ ಏರಲಿ ಬಿಡು, ಪಾಪ."

(ಈ 'ಪಾಪ' ಯಾರಿಗೆ ಎಂಬುದು ಸ್ಪಷ್ಟವಾಗಲಿಲ್ಲ.)

"ಊರಿನ ಯೋಜನಾ ಆಯೋಗದ ಮುಂದೆ ಹೋಗಿ ಯಾರೂ ಮನೆ ಕಟ್ಟಿ ಅಂತ ಕೇಳಲ್ವಾ?"

"ಸಭೆ ಗುರುವಾರ ಮಧ್ಯಾಹ್ನ. ನೀವೆಲ್ಲ ಆಫೀಸಲ್ಲಿರ್ತೀರಿ, ರಿಟೈರಾದ ನಾವು ಹೋಗ್ತೀವಿ. ಮನೆ ಖಂಡಿತ ಬೇಕು, ಪಕ್ಕದೂರು ಓಕ್ಲೆಂಡಲ್ಲಿ ಕಟ್ಟಿ ಅಂತೀವಿ."

"ಸರಿ, ನಿಮ್ಮ ಗ್ಯಾರೇಜಿನ ಹಿಂದಿನ ರೂಮಾದರೂ ಕೊಡ್ತೀರಾ?"

"ಅದಾ? ಅದರ ತುಂಬ 'ಫ್ಲಾಟ್ ಬೇಡ' ಬೋರ್ಡು ಇಟ್ಟಿದ್ದೀನಲ್ಲಪ್ಪಾ!"