ವಯಸ್ಸು ಕೇಳಬೇಡಿ, ಬ್ಯಾಚ್ ನಂಬರ್ ಕೇಳಿ

ಹುಣಸೂರು ಪೇಟೆಯ ಒಂದು ವೈನ್ಸ್ ಅಂಗಡಿ. ಬೋರ್ಡಿನ ಮೇಲೆ ದ್ರಾಕ್ಷಿ ಗೊಂಚಲು, ಕೆಳಗೆ ಕಬ್ಬಿಣದ ಸರಳು, ಸರಳಿನೊಳಕ್ಕೆ ತೂರಿರುವ ಹತ್ತಾರು ಕೈಗಳು. ಅವುಗಳಲ್ಲಿ ಒಂದೂ ದ್ರಾಕ್ಷಿಗಾಗಿ ಬಂದದ್ದಲ್ಲ. ವಿಸ್ಕಿ ಪಾಕೀಟಿನ ರಟ್ಟಿನ ಪೆಟ್ಟಿಗೆಗಳು ಬೆಳಿಗ್ಗೆ ಇಳಿದು ರಾತ್ರಿಗೆ ಖಾಲಿಯಾಗುತ್ತವೆ. ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಲಕ್ಷ್ಮಿ ಫೋಟೊದ ಸೀರಿಯಲ್ ಸೆಟ್ಟಿನ ಮಗ್ಗುಲಿಗೆ, ಹೆಗಲ ತುಂಬ ಧೂಳು ಹೊತ್ತು ಒಂದು ಪೋರ್ಟ್ ವೈನ್ ಬಾಟಲಿ ನಿಂತಿದೆ. ಹಳೆಯ ಪೋರ್ಟನ್ನು ಕೂಡಿಡುವುದು ಹೇಗೆ, ಸವಿಯುವುದು ಹೇಗೆ ಎಂದು ದಪ್ಪ ದಪ್ಪ ಪುಸ್ತಕಗಳು ಬಂದಿವೆ. ಬಾಟಲಿಯನ್ನೇ ಮಾತಾಡಿಸಿದವರು ಕಡಿಮೆ. ಅಂಗಡಿಯವರು ಸ್ಟೂಲ್ ಕೊಟ್ಟರು, ಹತ್ತಿ ನಿಂತೆವು.

ಪ್ರಶ್ನೆ: ನಮಸ್ಕಾರ. ಮೊದಲಿಗೆ ತಮ್ಮ ವಯಸ್ಸು?

ಬಾಟಲಿ: ಏನ್ ಸ್ವಾಮಿ, ಬಂದವರೇ ವಯಸ್ಸು ಕೇಳ್ತೀರಲ್ಲ! ಬೆನ್ನ ಮೇಲಿನ ಲೇಬಲ್ ಓದ್ಕೊಳ್ಳಿ. ಬ್ಯಾಚ್ ನಂಬರ್ ಇದೆ, ತಿಂಗಳು ಅಳಿಸಿದೆ, ಅಬಕಾರಿ ಚೀಟಿ ಮೇಲೆ ಹಲ್ಲಿ ಓಡಾಡಿದೆ. ಹೆದ್ದಾರಿ ಪಕ್ಕ ಮದ್ಯ ಮಾರಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ ಜಾರಿಗೆ ಬಂತಲ್ಲ, ಆವಾಗ್ಲೇ ನಾನು ಈ ಹಲಗೆ ಮೇಲಿದ್ದೆ. ನಮ್ಮೂರ ಮಧ್ಯಕ್ಕೇ 275ನೇ ಹೆದ್ದಾರಿ. ನಮ್ಮನ್ನೆಲ್ಲ ಪೆಟ್ಟಿಗೆಗೆ ತುಂಬಿ, ಲಗೇಜ್ ಆಟೋಗೆ ಹಾಕಿ ಒಳಗಿನ ಬೀದಿಗೆ ಸಾಗಿಸಿದ್ರು. ಆಮೇಲೆ ಪೇಟೆಯೊಳಗಿನ ಅಂಗಡಿಗಳಿಗೆ ಅದು ಅನ್ವಯಿಸಲ್ಲ ಅಂತ ಆಯ್ತು, ಅದೇ ಆಟೋದಲ್ಲಿ ವಾಪಸ್ ತಂದ್ರು. ಹಿಂದೆ ಮದೀರಾ ದ್ವೀಪದ ವೈನು ಹಡಗಿನ ತಳದಲ್ಲಿ ಕೂತು, ಸಮುದ್ರದ ಮೇಲೆ ಬೆಂದು ಹದವಾಗ್ತಿತ್ತು. ನನ್ನದು ಎರಡು ಸಲ ಆಟೋ ಪ್ರಯಾಣ. ಹಂಪುಗಳೆಲ್ಲ ನನಗೆ ಬಾಯಿಪಾಠ.

ಪ್ರಶ್ನೆ: ಹಾಗಾದರೆ ಇಷ್ಟು ವರ್ಷದಲ್ಲಿ ನೀವು ಪಕ್ವವಾಗಿರಬೇಕು. ಪೋರ್ಟ್ ಹಳತಾದಷ್ಟೂ ರುಚಿ ಹೆಚ್ಚುತ್ತದಂತೆ?

ಬಾಟಲಿ: ಯಾವ ಪೋರ್ಟು ಅಂತ ಕೇಳಿ. ಎಲ್ಲರಿಗೂ ಮುಪ್ಪು ಒಂದೇ ಥರ ಬರಲ್ಲ. ಪೋರ್ಚುಗಲ್ಲಿನ ದೌರೊ ನದಿ ದಂಡೇಲಿ ದ್ರಾಕ್ಷಿ ತುಳಿದು ರಸ ತೆಗೀತಾರೆ. ಅದು ಹುಳಿತಾ ಇರೋವಾಗ ಅರ್ಧಕ್ಕೇ, ನೂರಕ್ಕೆ 77 ಭಾಗ ಆಲ್ಕೋಹಾಲ್ ಇರೋ ದ್ರಾಕ್ಷಿ ಸಾರಾಯಿ ಸುರಿದು ನಿಲ್ಲಿಸಿಬಿಡ್ತಾರೆ. ಹುಳಿಯದೆ ಉಳಿದ ಸಕ್ಕರೆ ಹಾಗೇ ನಿಲ್ಲುತ್ತೆ, ಅಮಲು 20ರ ಸುತ್ತಮುತ್ತ. ಅಲ್ಲೀತನಕ ಎಲ್ಲಾರೂ ಒಂದೇ ಮನೆ ಮಕ್ಕಳು, ಆಮೇಲೆ ದಾರಿ ಬೇರೆ. ರೂಬಿ ಅನ್ನೋನು ದೊಡ್ಡ ತೊಟ್ಟಿಲಿ ಎರಡು ಮೂರು ವರ್ಷ ಇದ್ದು ಬಾಟಲಿಗೆ ಬರ್ತಾನೆ. ಅವನನ್ನ ಇಟ್ಟು ಪ್ರಯೋಜನ ಇಲ್ಲ, ಕುಡಿದುಬಿಡಬೇಕು. ಟಾನಿ ಅನ್ನೋನು 550 ಲೀಟರಿನ ಮರದ ಪೀಪಾಯಿಲಿ ವರ್ಷಗಟ್ಟಲೆ ಕೂತು, ಕೆಂಪು ಹೋಗಿ ಕಂದು ತಿರುಗಿ, ಅಕ್ರೋಟು, ಒಣ ಅಂಜೂರದ ವಾಸನೆ ಹಿಡೀತಾನೆ. ಇನ್ನು ವಿಂಟೇಜ್ ಅಂದ್ರೆ ಒಳ್ಳೆ ಮಳೆ-ಬಿಸಿಲಿನ ವರ್ಷದ ಸರಕು. ಎರಡು ಚಳಿಗಾಲ ಕಳೆದ ಮೇಲೆ ಬಾಟಲಿಗೆ ಬಿದ್ದು, ಮಗ್ಗುಲಾಗಿ ಮಲಗಿ, ಇಪ್ಪತ್ತು ಮೂವತ್ತು ವರ್ಷ ಕತ್ತಲಲ್ಲಿ ಕಳೀತಾನೆ. ತಳದಲ್ಲಿ ಗಷ್ಟು ಕಟ್ಟುತ್ತೆ, ಸೋಸಿ ಬಗ್ಗಿಸಬೇಕು. ನಾನು ನಿಂತೇ ಇದ್ದೀನಿ, ನನ್ನದು ಸ್ಕ್ರೂ ಮುಚ್ಚಳ, ಪಕ್ಕದಲ್ಲಿ ಸೀರಿಯಲ್ ಸೆಟ್ಟಿನ ಬಿಸಿ. ನನ್ನಲ್ಲಿ ಪಕ್ವವಾಗಿರೋದು ಲೇಬಲ್ಲಿನ ಅಂಟು ಒಂದೇ.

ಪ್ರಶ್ನೆ: ಟಾನಿಯ ಮೇಲೆ 20 ವರ್ಷ, 30 ವರ್ಷ ಎಂದು ಬರೆದಿರುತ್ತಾರಲ್ಲ, ಅದಾದರೂ ನಿಜವಾದ ವಯಸ್ಸು ತಾನೇ?

ಬಾಟಲಿ: ಅದು ನಮ್ಮೂರ ಮೇಷ್ಟ್ರು ಶಾಲೆಗೆ ಸೇರಿಸ್ಕೊಳ್ಳೋವಾಗ ಬರೆದ ವಯಸ್ಸು ಇದ್ದ ಹಂಗೆ ಸ್ವಾಮಿ. ಪಿರಿಯಾಪಟ್ಟಣದ ಹೋಬಳಿಗಳಲ್ಲಿ ಹಳೇ ತಲೆಮಾರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿಲ್ವಾ? ಟಾನಿಲಿ ಹಳೇದು ಹೊಸದು ಹತ್ತಾರು ಪೀಪಾಯಿದು ಬೆರೆಸ್ತಾರೆ. ಪೋರ್ಚುಗಲ್ಲಿನ ಸರಕಾರಿ ಸಂಸ್ಥೆಯ ರುಚಿ ಪಂಡಿತರು ಕೂತು ಗುಟುಕರಿಸಿ, ‘ಹೌದು, ಇದು ಇಪ್ಪತ್ತರ ಹಂಗೇ ಇದೆ’ ಅಂತ ಒಪ್ಪಿದ್ರೆ 20. ಮುಖ ನೋಡಿ ವಯಸ್ಸು ಬರ್ಕೊಳ್ಳೋದು. ವ್ಯತ್ಯಾಸ ಏನಪ್ಪಾ ಅಂದ್ರೆ, ಅಲ್ಲಿ ವಯಸ್ಸು ಜಾಸ್ತಿ ಬರೆದಷ್ಟೂ ಬೆಲೆ. ಇಲ್ಲಿ ಕಮ್ಮಿ ಬರೆಸಿದ್ರೆ ಸರಕಾರಿ ಕೆಲಸದಲ್ಲಿ ಎರಡು ವರ್ಷ ಹೆಚ್ಚು ಸಂಬಳ.

ಪ್ರಶ್ನೆ: ತಮ್ಮ ಮೂಲ?

ಬಾಟಲಿ: ತಾಯಿ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ, ನಂದಿ ಬೆಟ್ಟದ ಸೀಮೆ. 2013ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ, ನಾವೇನು ಕಮ್ಮಿ ಕುಲದವರಲ್ಲ. ತಂದೆ ಕಡೆ ಕೇಳಬೇಡಿ. ದೌರೊದವರು 1756ರಲ್ಲೇ ಗಡಿ ಗೊತ್ತುಮಾಡಿ, ಇದರೊಳಗೆ ಬೆಳೆದದ್ದೇ ಪೋರ್ಟು ಅಂತ ಕಟ್ಟು ಮಾಡ್ಕೊಂಡ್ರು. ನಮ್ಮವರು ಆ ಹೆಸರನ್ನ ಎತ್ಕೊಂಡು ಲೇಬಲ್ಲಿಗೆ ಅಂಟಿಸಿದ್ರು. ಊರಿಗೆ ಬಂದವಳು ನೀರಿಗೆ ಬರಲೇಬೇಕಲ್ಲ, ಹುಣಸೂರಿಗೆ ಬಂದೆ.

ಪ್ರಶ್ನೆ: ಪೋರ್ಟಿಗೂ ಹುಣಸೂರಿಗೂ ಬೇರೇನೂ ನಂಟಿಲ್ಲವೇ?

ಬಾಟಲಿ: ಇದನ್ನ ಕೇಳಿದ್ರಲ್ಲ, ಸಂತೋಷ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕೋಟೆ ಉಸ್ತುವಾರಿಗೆ ಕೂತವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಅವನಿಗೆ ಟಿಪ್ಪು ಬಿಟ್ಟುಹೋದ ಆಸ್ತೀಲಿ ಕಣ್ಣಿಗೆ ಹಿಡಿಸಿದ್ದು ಅಮೃತ ಮಹಲ್ ಎತ್ತುಗಳು. ಫಿರಂಗಿ ಎಳ್ಕೊಂಡು ಕುದುರೆ ಸಮಕ್ಕೆ ನಡೆಯೋ ಜಾತಿ. ಮುಂದೆ ಕಂಪನಿ ಆ ಹಸುಗಳ ಕಾರುಬಾರಿಗೆ ಹುಣಸೂರನ್ನೇ ಠಾಣ್ಯ ಮಾಡ್ಕೊಂಡಿತು. ಚರ್ಮ ಹದ ಮಾಡೋ ಕಾರ್ಖಾನೆ, ಮರದ ಕೆಲಸ ಎಲ್ಲ ಇಲ್ಲಿಗೆ ಬಂತು.

ಇನ್ನೊಂದು ಕಡೆ ನೋಡಿ. ಅದೇ ವೆಲ್ಲೆಸ್ಲಿ 1809ರ ಮೇ 12ಕ್ಕೆ ಪೋರ್ತೊ ಊರಿನ ಎದುರು ದೌರೊ ದಡದಲ್ಲಿ ನಿಂತಿದ್ದ. ಆಚೆ ಫ್ರೆಂಚರು, ಸೇತುವೆ ಮುರಿದಿದ್ದಾರೆ, ದೋಣಿ ಇಲ್ಲ. ಊರಿನ ಒಬ್ಬ ಕ್ಷೌರಿಕ, ಆಚೆ ದಡದಲ್ಲಿ ನಾಲ್ಕು ದೋಣಿ ನಿಂತಿವೆ ಅಂತ ತೋರಿಸಿಕೊಟ್ಟ. ಯಾವ ದೋಣಿ? ವೈನು ಸಾಗಿಸೋ ದೋಣಿ! ಅವುಗಳಲ್ಲೇ ಸಿಪಾಯಿಗಳು ನದಿ ದಾಟಿದ್ದು. ಫ್ರೆಂಚ್ ದಂಡನಾಯಕ ಸೂಲ್ಟ್‌ಗೆ ಮಾಡಿಟ್ಟಿದ್ದ ಊಟವನ್ನ ಇವನೇ ಕೂತು ಉಂಡ. ಪೋರ್ಟು ಸಿಕ್ತು, ಊಟ ಸಿಕ್ತು, ಎತ್ತು ಮಾತ್ರ ಸಿಕ್ಕಲಿಲ್ಲ. ಅಲ್ಲಿನ ಗಾಡಿ ಎತ್ತುಗಳ ನಡಿಗೆ ನೋಡಿ, ಮೈಸೂರಿನ ಎತ್ತು ಇದ್ದಿದ್ರೆ ಅಂತ ಹಲುಬಿದನಂತೆ. ನಮ್ಮ ಗೆಜೆಟಿಯರಿನವರು ಇದನ್ನ ಹೆಮ್ಮೆಯಿಂದ ಬರ್ಕೊಂಡಿದ್ದಾರೆ. ದೌರೊ ದಡದಲ್ಲಿ ಕೂತು ಹುಣಸೂರು ಕಡೆ ಎತ್ತಿಗೆ ಆಸೆಪಟ್ಟ ಅವನು. ಹುಣಸೂರಲ್ಲಿ ನಿಂತು ಪೋರ್ಟಿಗೆ ಆಸೆಪಟ್ಟವನು ನನಗಿನ್ನೂ ಸಿಕ್ಕಿಲ್ಲ.

ಪ್ರಶ್ನೆ: ರುಚಿ ನೋಡುವ ಕಲೆಯ ಬಗ್ಗೆ ಹೇಳಿ. ಲೋಟ ಓರೆ ಮಾಡಿ ಬಣ್ಣ ನೋಡಬೇಕು, ತಿರುಗಿಸಿ ಮೂಸಬೇಕು, ಬಾಯಲ್ಲಿ ಹೊರಳಾಡಿಸಬೇಕು... ಇದೆಲ್ಲ ಈ ಭಾಗದ ಜನಕ್ಕೆ ತಿಳಿಯುವುದು ಕಷ್ಟವಲ್ಲವೇ?

ಬಾಟಲಿ: (ಸ್ವಲ್ಪ ಹೊತ್ತು ಮಾತಿಲ್ಲ) ನೀವು ಮೈಸೂರಿಂದ ಬಂದ್ರೇನೋ? ಅದಕ್ಕೇ. ಒಂದು ಕೆಲಸ ಮಾಡಿ, ಬೆಳಗಿನ ಜಾವ ಹಳ್ಳಿ ಕಡೆ ಹೋಗಿ ಒಂದು ಬ್ಯಾರನ್, ಅಂದ್ರೆ ಹೊಗೆಸೊಪ್ಪು ಹದ ಮಾಡೋ ಗೂಡಿನ ಮುಂದೆ ನಿಲ್ಲಿ. ಒಳಗೆ ಕಡ್ಡಿಗೆ ಕಟ್ಟಿದ ಹೊಗೆಸೊಪ್ಪು ನೇತಾಡ್ತಿರುತ್ತೆ. ಐದಾರು ದಿನ ಶಾಖ ಕೊಡಬೇಕು, ಮೊದಲು ಸೊಪ್ಪು ಹಳದಿ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ದಂಟು. ಒಂದು ರಾತ್ರಿ ಬೆಂಕಿ ಹೆಚ್ಚಾದ್ರೆ ಸೊಪ್ಪು ಕಪ್ಪು, ವರ್ಷದ ದುಡಿಮೆ ಬೂದಿ. ರೈತ ಕೈ ಹಾಕಿ ಒಂದು ಎಲೆ ಎಳ್ಕೊಂಡು, ನಡು ದಂಟನ್ನ ಮುರೀತಾನೆ. ಪಟ್ ಅಂತ ಸದ್ದು ಬಂದ್ರೆ ಮುಗೀತು. ಬಳುಕಿದ್ರೆ ಇನ್ನೊಂದಿಷ್ಟು ಸೌದೆ. ಆಮೇಲೆ ನಡುಮನೇಲಿ ಹೆಂಗಸರು ಕೂತು ಗ್ರೇಡ್ ಮಾಡ್ತಾರೆ ನೋಡಿ, ಬಲ್ಬಿನ ಬೆಳಕಲ್ಲಿ, ಮಾತಾಡ್ತಾ ಮಾತಾಡ್ತಾ. ನಿಮಗೂ ನನಗೂ ಒಂದೇ ಹಳದಿ ಕಾಣೋ ಕಡೆ ಅವರ ಕೈ ಮೂರು ಗುಡ್ಡೆ ಮಾಡಿರುತ್ತೆ. ನಿಂಬೆಹಣ್ಣಿನ ಹಳದಿ ಒಂದು ಕಡೆ, ಕಿತ್ತಳೆ ಬಣ್ಣದ್ದು ಒಂದು ಕಡೆ, ಮಚ್ಚೆ ಬಿದ್ದದ್ದು ಇನ್ನೊಂದು ಕಡೆ. ಲೋಟ ಓರೆ ಮಾಡೋ ಪಂಡಿತರಿಗೆ ದಿನಕ್ಕೆ ಎಷ್ಟು ಕೊಡ್ತಾರೋ ಗೊತ್ತಿಲ್ಲ, ಇವರಿಗೆ ಕೂಲಿ.

ಇನ್ನು ಹರಾಜು ಮಾರುಕಟ್ಟೆಗೆ, ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹೋಗಿ. ಸಾಲಾಗಿ ಬೇಲು. ಕಂಪನಿ ಕಡೆಯವನು ಒಂದು ಹಿಡಿ ಕಿತ್ತು, ಬೆರಳಲ್ಲಿ ಉಜ್ಜಿ, ಮೂಗಿನ ಹತ್ರ ತಂದು, ಬೆಲೆ ಕಟ್ಟಿ ಮುಂದಿನ ಬೇಲಿಗೆ ಹೋಗಿರ್ತಾನೆ. ಅವನು ‘ದೂರದಲ್ಲಿ ಚೆರ್ರಿ ಹಣ್ಣಿನ ನೆನಪು’ ಅಂತೆಲ್ಲ ಅನ್ನಲ್ಲ. ಒಂದು ಗ್ರೇಡ್, ಒಂದು ಬೆಲೆ, ಅಷ್ಟೇ. ರೈತ ಅಲ್ಲೇ ನಿಂತಿರ್ತಾನೆ, ಅವನ ಬಿ.ಪಿ. ಮಾತ್ರ ಏರಿಳೀತಿರುತ್ತೆ.

ಪ್ರಶ್ನೆ: ಹೊಗೆಸೊಪ್ಪು ಆರೋಗ್ಯಕ್ಕೆ ಹಾನಿಕರವಲ್ಲವೇ?

ಬಾಟಲಿ: ನನ್ನ ಮೈಮೇಲೂ ಅದೇ ಬರೆದಿದೆ ಸ್ವಾಮಿ. ಇಬ್ಬರಿಗೂ ಒಂದೇ ಎಚ್ಚರಿಕೆ, ಇಬ್ಬರಿಂದಲೂ ಸರಕಾರಕ್ಕೆ ತೆರಿಗೆ. ಮನೆಯಿಂದ ಓಡಿಸಿದ ಮಗ ತಿಂಗಳಾ ತಿಂಗಳಾ ಕಳಿಸೋ ದುಡ್ಡನ್ನ ಅಪ್ಪ ಬೇಡ ಅಂತಾನಾ?

ಪ್ರಶ್ನೆ: ಸರಿ, ಮತ್ತೆ ಪೋರ್ಟಿಗೆ ಬರೋಣ. ಬರಿಯ ರುಚಿಯಲ್ಲ, ಹಳೆಯ ಪೋರ್ಟನ್ನು ಅರ್ಥ ಮಾಡಿಕೊಳ್ಳಬೇಕೆಂದರೆ ಏನನ್ನು ತಿಳಿಯಬೇಕು?

ಬಾಟಲಿ: ಗೋಡೌನ್ ಯಾರದು ಅಂತ ತಿಳೀಬೇಕು. ದೌರೊದಲ್ಲಿ ದ್ರಾಕ್ಷಿ ಬೆಳೆಯೋದು ಕಲ್ಲು ಗುಡ್ಡದ ಮೆಟ್ಟಿಲು ಹೊಲದಲ್ಲಿ, ವೈನು ಹಳತಾಗೋದು ಹೊಳೆ ಕೆಳಗೆ ಸಮುದ್ರದ ಹತ್ರ, ವಿಲಾ ನೋವಾ ದಿ ಗಾಯಾದ ಮಂಡಿಗಳಲ್ಲಿ. ಮಂಡಿ ಮೇಲಿನ ಹೆಸರುಗಳನ್ನ ಓದಿ: ಟೇಲರ್, ಕ್ರಾಫ್ಟ್, ಸ್ಯಾಂಡಮನ್, ಗ್ರಹಾಂ. ದ್ರಾಕ್ಷಿ ಪೋರ್ಚುಗೀಸರದು, ಬೋರ್ಡು ಬ್ರಿಟಿಷರದು. ಬೆಳೆದವನಿಗೆ ಕೊಯ್ಲಿನ ವರ್ಷವೇ ದುಡ್ಡು ಬೇಕು, ಸಾಲ ಇರುತ್ತೆ. ನಲವತ್ತು ವರ್ಷ ಕಾಯೋಕೆ ಯಾರ ಹತ್ರ ಶಕ್ತಿ ಇದೆಯೋ ವಯಸ್ಸಿನ ಲಾಭ ಅವರಿಗೆ.

ಇನ್ನೂ ಕೇಳಿ. ಅಲ್ಲಿ ಹೊಲಕ್ಕೆ ದರ್ಜೆ ಇದೆ. ಮಣ್ಣು, ಇಳಿಜಾರು, ಎತ್ತರ, ಬಳ್ಳಿ ವಯಸ್ಸು ನೋಡಿ ಅಂಕ ಹಾಕ್ತಾರೆ. ಈ ವರ್ಷ ಯಾವ ದರ್ಜೆಯ ಹೊಲದವನು ಎಷ್ಟು ರಸವನ್ನ ಪೋರ್ಟು ಮಾಡಬಹುದು ಅಂತ ಮೇಲಿಂದ ಪ್ರಮಾಣ ಗೊತ್ತಾಗುತ್ತೆ. ಮಿಕ್ಕದ್ದನ್ನ ಮಾಮೂಲಿ ವೈನಿನ ಬೆಲೆಗೆ ಕೊಡಬೇಕು. ಇದನ್ನ ಪಿರಿಯಾಪಟ್ಟಣದ ಯಾವ ರೈತನಿಗಾದ್ರೂ ಹೇಳಿ ನೋಡಿ, ಅರ್ಧದಲ್ಲೇ ತಡೆದು ಉಳಿದದ್ದನ್ನ ಅವನೇ ಹೇಳ್ತಾನೆ. ತಂಬಾಕು ಮಂಡಳಿ 1976ರಲ್ಲಿ ಬಂತು, ಕರ್ನಾಟಕದಲ್ಲಿ 1984ರಿಂದ ಹರಾಜು. ಬ್ಯಾರನ್‌ಗೆ ಲೈಸೆನ್ಸು, ಲೈಸೆನ್ಸಿಗೆ ಇಂತಿಷ್ಟು ಕೆ.ಜಿ. ಅಂತ ಕೋಟಾ, ಮೀರಿ ಬೆಳೆದ್ರೆ ದಂಡ. ಸೊಪ್ಪು ಇವನ ಕೈ ಬಿಟ್ಟ ಮೇಲೆ ಕಂಪನಿ ಗೋಡೌನಿನಲ್ಲಿ ವರ್ಷ ಎರಡು ವರ್ಷ ಕೂತು ಘಾಟು ಕಳ್ಕೊಂಡು ಹದವಾಗುತ್ತೆ. ಆ ಹದದ ಬೆಲೆ ಇವನ ಪಾಸ್‌ಬುಕ್ಕಿಗೆ ಬರಲ್ಲ. ಹಳೇ ಪೋರ್ಟಿನ ಅರ್ಥ ಹುಡುಕ್ಕೊಂಡು ಲಿಸ್ಬನ್ನಿಗೆ ಹೋಗೋರಿಗೆ ಬಸ್ ಚಾರ್ಜು ಉಳಿಸ್ತಿದ್ದೀನಿ ನಾನು.

ಪ್ರಶ್ನೆ: ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಗಿರಾಕಿಗಳು?

ಬಾಟಲಿ: ಕೆ.ಆರ್. ನಗರದವರು ಭತ್ತದವರು, ಗದ್ದೆ ನೀರಿನ ಲೆಕ್ಕದಲ್ಲೇ ಇರ್ತಾರೆ. ಆದ್ರೆ ವಯಸ್ಸು ಕಂಡುಹಿಡಿಯೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ಚುಂಚನಕಟ್ಟೆ ಜಾತ್ರೇಲಿ ಎತ್ತಿನ ತುಟಿ ಎತ್ತಿ, ಎರಡಲ್ಲು, ನಾಲ್ಕಲ್ಲು, ಬಾಯ್ಗೂಡಿದೆ ಅಂತ ಅರೆಗಳಿಗೇಲಿ ಹೇಳ್ತಾರೆ. ಲೇಬಲ್ ಇಲ್ಲದೆ! ಕೋಟೆ ಕಡೆ ಕಬಿನಿ ದಂಡೆ ರೆಸಾರ್ಟುಗಳಿವೆ, ಅಲ್ಲಿ ನಮ್ಮ ದೊಡ್ಡಪ್ಪನ ಮಕ್ಕಳು ಯಾರಾದ್ರೂ ಇದ್ದಾರು. ನನ್ನನ್ನ ಒಳಗೆ ಬಿಡಲ್ಲ.

ಪ್ರಶ್ನೆ: ನಿಮ್ಮನ್ನು ಕೇಳಿಕೊಂಡು ಬರುವವರೇ ಇಲ್ಲವೇ?

ಬಾಟಲಿ: ಬರ್ತಾರೆ. ಡಿಸೆಂಬರಿನಲ್ಲಿ ಕೇಕಿಗೆ ಅಂತ ಒಬ್ಬರು. ವರ್ಷ ಪೂರ್ತಿ ‘ಬಾಣಂತಿಗೆ ಕೊಡಬೇಕು, ರಕ್ತ ಆಗುತ್ತಂತೆ’ ಅನ್ನೋರು ಇಬ್ಬರು ಮೂವರು. ಹೇಳಿಬಿಡ್ತೀನಿ ಬರ್ಕೊಳ್ಳಿ: ನನ್ನ ಕೆಂಪಿಗೂ ಮನುಷ್ಯರ ರಕ್ತಕ್ಕೂ ಏನೂ ಸಂಬಂಧ ಇಲ್ಲ. ಹಾಲು ಕುಡಿಸೋ ತಾಯಿಗೆ ನನ್ನನ್ನ ಕೊಡಬೇಡಿ. ಡಾಕ್ಟರ ಹತ್ರ ಹೋಗಿ ಕಬ್ಬಿಣದ ಮಾತ್ರೆ ಬರೆಸ್ಕೊಳ್ಳಿ, ಸೊಪ್ಪು-ಕಾಳು ಬೇಯಿಸಿ ಹಾಕಿ.

ಪ್ರಶ್ನೆ: ನಿಮ್ಮನ್ನು ಕೊಂಡು ನಮ್ಮ ಬೀರುವಿನಲ್ಲಿ ಇನ್ನೊಂದು ಇಪ್ಪತ್ತು ವರ್ಷ ಇಟ್ಟರೆ?

ಬಾಟಲಿ: ಬಣ್ಣ ಹೋಗುತ್ತೆ, ಹಣ್ಣಿನ ರುಚಿ ಹೋಗುತ್ತೆ, ಬರೀ ಸಿಹಿ ಉಳಿಯುತ್ತೆ. ನನ್ನಂಥವರನ್ನ ತಂದ ವರ್ಷವೇ ಮುಗಿಸಬೇಕು. ಇನ್ನೊಂದು ವಿಷಯ, ನನ್ನ ಎಂ.ಆರ್.ಪಿ. ಹಳೇದು. ಜಗತ್ತಿನಲ್ಲಿ ಹಳೇ ಪೋರ್ಟಿಗೆ ಹರಾಜಿನಲ್ಲಿ ಲಕ್ಷಗಟ್ಟಲೆ ಕೂಗ್ತಾರೆ. ನನಗೆ ಮಾತ್ರ ಮೈಮೇಲೆ ಅಚ್ಚು ಹಾಕಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದ್ರೂ ಅಬಕಾರಿಯವರಿಗೆ ದೂರು ಹೋಗುತ್ತೆ. ಸ್ವಲ್ಪ ಪಕ್ಕಕ್ಕೆ ಬನ್ನಿ, ನಿಮ್ಮ ಸ್ಟೂಲ್ ಗಿರಾಕಿಗೆ ಅಡ್ಡ ಆಗ್ತಿದೆ.

ಇಳಿದು ಬಂದು, ಮೇಲಿನ ಬಾಟಲಿ ಕೊಡಿ ಎಂದೆವು. ಅಂಗಡಿಯವರು ತಲೆಯೆತ್ತಿ ನೋಡಿ, ಪಾಕೀಟಿನ ಚಿಲ್ಲರೆ ಎಣಿಸುತ್ತಲೇ ಹೇಳಿದರು: “ಅಯ್ಯೋ, ಅದು ಬೇಡಿ ಸಾರ್, ಹಳೇದು. ಮೊನ್ನೆ ತಾನೇ ಲೋಡ್ ಬಂದಿದೆ, ಫ್ರೆಶ್ ಕೊಡ್ತೀನಿ ತಗೊಳ್ಳಿ.”