ಮುಂಬರುವ ಕಾರ್ಯಕ್ರಮಗಳು: ಒಂದು ತಜ್ಞ ಮುನ್ಸೂಚನೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಈ ಹಂಗಾಮಿಗೆ ಯಾವ ಯಾವ ಸಾಂಸ್ಕೃತಿಕ ಕಾರ್ಯಕ್ರಮಗಳು ನಡೆಯಲಿವೆ ಎಂದು ಜನ ಕೇಳುತ್ತಿರುತ್ತಾರೆ. ಪ್ರಶ್ನೆಯೇ ಸರಿಯಿಲ್ಲ. ನಡೆಯುವುದು ಕಾರ್ಯಕ್ರಮದ ಕೊನೆಯ ಹಂತ. ಅದಕ್ಕೂ ಮೊದಲು ಘೋಷಣೆಯಾಗಬೇಕು, ಪೂರ್ವಭಾವಿ ಸಭೆಯಾಗಬೇಕು, ಸ್ವಾಗತ ಸಮಿತಿ, ಆಹಾರ ಸಮಿತಿ, ವೇದಿಕೆ ಸಮಿತಿಗಳಾಗಬೇಕು, ಲಾಂಛನ ಬಿಡುಗಡೆಯಾಗಬೇಕು, ಆಮೇಲೆ ಮುಂದೂಡಿಕೆಯಾಗಬೇಕು. ಇಷ್ಟಾದ ಮೇಲೂ ಕಾರ್ಯಕ್ರಮ ನಡೆದೇಬಿಟ್ಟರೆ ಅದರಲ್ಲಿ ಆಯೋಜಕರ ತಪ್ಪೇನೂ ಇಲ್ಲ. ಈ ಕ್ಷೇತ್ರವನ್ನು ನಾನು ಬಹುಕಾಲದಿಂದ ಎರಡನೇ ಸಾಲಿನಲ್ಲಿ ಕೂತು ಅಧ್ಯಯನ ಮಾಡಿದ್ದೇನೆ. ಮೊದಲನೇ ಸಾಲಿನ ಸೋಫಾಗಳು ಬಾರದವರಿಗೆ ಮೀಸಲಾಗಿರುವುದರಿಂದ ಎರಡನೇ ಸಾಲಿನಿಂದ ವೇದಿಕೆ ಬಹಳ ಚೆನ್ನಾಗಿ ಕಾಣುತ್ತದೆ.

ಕಾರ್ಯಕ್ರಮಗಳಲ್ಲಿ ಎರಡು ಜಾತಿ: ತಿಥಿ ಇರುವವು, ದಿನಾಂಕ ಇರುವವು.

ಮೊದಲನೆಯ ಜಾತಿಗೆ ಉದಾಹರಣೆ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ. ಮಹಾರಥೋತ್ಸವ ಪುಷ್ಯ ಬಹುಳ ಬಿದಿಗೆಗೆ. ಬನದ ಹುಣ್ಣಿಮೆ ಮುಗಿದು ಎರಡನೆಯ ದಿನ ತೇರು ಎಳೆಯುತ್ತಾರೆ, ಅಷ್ಟೇ. 2024ರಲ್ಲಿ ಜನವರಿ 27, 2025ರಲ್ಲಿ ಜನವರಿ 15, 2026ರಲ್ಲಿ ಜನವರಿ 5. ಇದರಲ್ಲಿ ತಜ್ಞನಿಗೆ ಕೆಲಸವೇ ಇಲ್ಲ. ಚಂದ್ರನಿಗೆ ಜನಪ್ರತಿನಿಧಿಗಳ ಅನುಕೂಲ ಕೇಳುವ ಪದ್ಧತಿ ಗೊತ್ತಿಲ್ಲ. ಮೇಲಾಗಿ ಈ ಜಾತ್ರೆ ಶಿಷ್ಟಾಚಾರದ ದೃಷ್ಟಿಯಿಂದ ಆತಂಕ ಹುಟ್ಟಿಸುವಂಥದ್ದು. ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಟ್ರ್ಯಾಕ್ಟರುಗಟ್ಟಲೆ ಬಂದು ಬೀಳುತ್ತವೆ. ಮಾದಲಿ ಬರುತ್ತದೆ, ಮಿರ್ಚಿ ಕರಿಯಲು ಕಡಾಯಿಗಳ ಸಾಲೇ ಏಳುತ್ತದೆ. ಲಕ್ಷಗಟ್ಟಲೆ ಜನ ಉಂಡೇಳುತ್ತಾರೆ. ಆದರೆ ಯಾರ ಮನೆಯ ರೊಟ್ಟಿ, ಯಾರ ಕೈ ಬಡಿದದ್ದು, ಯಾವ ಓಣಿಯದು ಎಂಬುದಕ್ಕೆ ದಾಖಲೆಯೇ ಇಲ್ಲ. ರೊಟ್ಟಿ ಬಡಿದವರ ಹೆಸರನ್ನೆಲ್ಲ ಮೈಕಿನಲ್ಲಿ ಓದಿ ಶಾಲು ಹೊದಿಸಲು ಹೊರಟರೆ ಮುಂದಿನ ವರ್ಷದ ಬಿದಿಗೆ ಬಂದಿರುತ್ತದೆ ಎಂಬುದು ನಿಜ. ಹಾಗೆಂದು ಪ್ರಯತ್ನವನ್ನೇ ಮಾಡದಿರುವುದು ಸರಿಯೇ?

ಎರಡನೆಯ ಜಾತಿಯೇ ನಮ್ಮ ಶಾಸ್ತ್ರದ ನಿಜವಾದ ವಿಷಯ. ಆನೆಗುಂದಿ ಉತ್ಸವ, ಕನಕಗಿರಿ ಉತ್ಸವ, ಇಟಗಿ ಉತ್ಸವ. ಇವು ಪಂಚಾಂಗದಲ್ಲಿ ಸಿಗುವುದಿಲ್ಲ. 2020ರಲ್ಲಿ ನಡೆದ ಆನೆಗುಂದಿ ಉತ್ಸವ ಮತ್ತೆ ನಡೆದದ್ದು 2024ರಲ್ಲಿ. ನಡುವಿನದಕ್ಕೆ ಕೋವಿಡ್ ಕಾರಣ ಎನ್ನುವವರಿದ್ದಾರೆ. ಅದು ಮೇಲುಮೇಲಿನ ವಿಶ್ಲೇಷಣೆ. ಉತ್ಸವ ಮುಂದೂಡಲು ಸಾಂಕ್ರಾಮಿಕ ರೋಗವೇ ಬರಬೇಕೆಂದೇನಿಲ್ಲ. ತುಂಗಭದ್ರಾ ಅಣೆಕಟ್ಟು ತುಂಬಿದರೆ ಗಂಗಾವತಿ ಕಡೆಯ ರೈತರು ಭತ್ತದ ಗದ್ದೆಯಲ್ಲಿರುತ್ತಾರೆ, ಉತ್ಸವಕ್ಕೆ ಯಾರು ಬರಬೇಕು? ತುಂಬದಿದ್ದರೆ ಬರ, ಬರದಲ್ಲಿ ಉತ್ಸವ ಮಾಡಿದರೆ ಜನ ಏನಂದಾರು? ತುಂಬಿ, ಮೇಲೆ 19ನೇ ಕ್ರಸ್ಟ್ ಗೇಟೂ ಕೊಚ್ಚಿಹೋದರೆ, 2024ರ ಆಗಸ್ಟಿನಲ್ಲಿ ಆದ ಹಾಗೆ, ಎರಡೂ ಕಾರಣಗಳು ಒಂದೇ ಕಡತದಲ್ಲಿ ಸಿಗುತ್ತವೆ. ಇದೆಲ್ಲ ದಾಟಿದರೆ ಯಾವುದಾದರೊಂದು ಚುನಾವಣೆಯ ನೀತಿ ಸಂಹಿತೆ ಇದ್ದೇ ಇರುತ್ತದೆ.

ಇಟಗಿಯದು ಇನ್ನೂ ಸೂಕ್ಷ್ಮ. ಅಲ್ಲಿನ ಮಹಾದೇವ ದೇವಾಲಯವನ್ನು ಕಟ್ಟಿಸಿದವನು ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. 1112ರ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಈ ಚಕ್ರವರ್ತಿ ಮೊನ್ನೆ ಮೊನ್ನೆಯವರೆಗೂ ಯಲಬುರ್ಗಾ ತಾಲ್ಲೂಕಿನಲ್ಲಿದ್ದ. ಕುಕನೂರು ಹೊಸ ತಾಲ್ಲೂಕಾದಾಗ ಕೂತಲ್ಲಿಂದ ಒಂದಂಗುಲ ಕದಲದೆ ಅಲ್ಲಿಗೆ ವರ್ಗವಾದ. ಹೀಗಾಗಿ ಯಲಬುರ್ಗಾದವರಿಗೆ ಈಗ ಮುಂದೂಡಲೂ ಸ್ವಂತದ್ದೊಂದು ಉತ್ಸವವಿಲ್ಲ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಊರಿಗೆ ಇದು ಶೋಭೆ ತರುವಂಥದ್ದಲ್ಲ. ಕುಷ್ಟಗಿಯ ಸ್ಥಿತಿಯೂ ಅಷ್ಟೇ. ಆದರೆ ಎರಡೂ ಊರಿನವರು ಎದೆಗುಂದಬೇಕಿಲ್ಲ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಕೊಪ್ಪಳಕ್ಕೆ ಬಂದದ್ದು 1993ರಲ್ಲಿ, 62ನೆಯದು. ಗಂಗಾವತಿಗೆ ಬಂದದ್ದು 2011ರಲ್ಲಿ, 78ನೆಯದು. ಅಂತರ 18 ವರ್ಷ. ಎರಡು ಬಿಂದುಗಳು ಸಿಕ್ಕ ಮೇಲೆ ಗೆರೆ ಎಳೆಯುವುದು ತಜ್ಞನ ಕರ್ತವ್ಯ. ಮುಂದಿನದು 2029ರಲ್ಲಿ, ಕುಷ್ಟಗಿಗೆ. ಅದರ ಮುಂದಿನದು 2047ರಲ್ಲಿ, ಯಲಬುರ್ಗಾಕ್ಕೆ. ಆಹಾರ ಸಮಿತಿಯನ್ನು ಈಗಲೇ ರಚಿಸಿಕೊಳ್ಳುವುದು ಒಳ್ಳೆಯದು. ಸಮ್ಮೇಳನ ಮುಗಿದು ಹತ್ತು ವರ್ಷವಾದ ಮೇಲೂ ಜನ ನೆನಪಿಟ್ಟಿರುವುದು ಊಟದ ಪೆಂಡಾಲನ್ನೇ.

ಇನ್ನು ಆಹ್ವಾನ ಪತ್ರಿಕೆ. ಇದನ್ನು ಓದಲು ಬಾರದವನಿಗೆ ಸಂಸ್ಕೃತಿ ಅರ್ಥವಾಗುವುದು ಕಷ್ಟ. ಎಲ್ಲಕ್ಕಿಂತ ಮೇಲೆ ದಿವ್ಯ ಸಾನ್ನಿಧ್ಯ. ಅದರ ಕೆಳಗೆ ಬರೀ ಸಾನ್ನಿಧ್ಯ. ಅದೂ ಸಿಗದವರಿಗೆ ಸಮ್ಮುಖ, ನೇತೃತ್ವ. ಆಮೇಲೆ ಉದ್ಘಾಟಕರು. ಅವರ ಪಕ್ಕ ಜ್ಯೋತಿ ಬೆಳಗಿಸುವವರು. ಉದ್ಘಾಟಕರು ಮಾಡುವುದೂ ಅದನ್ನೇ, ಆದರೆ ಸಮೆಗೆ ಐದು ಬತ್ತಿ ಹಾಕುವುದು ಇಂಥ ಸಂದರ್ಭಕ್ಕೆಂದೇ. ಅಧ್ಯಕ್ಷತೆ ಸ್ಥಳೀಯ ಶಾಸಕರದು. ಘನ ಉಪಸ್ಥಿತಿ ಎಂಬ ಕಲಮು ಖಂಡಿತ ಬರುವುದಿಲ್ಲವೆಂದು ಗೊತ್ತಿರುವವರಿಗೆ. ಮುಖ್ಯ ಅತಿಥಿಗಳು ಎರಡು ಕಾಲಮ್ಮು, ವಿಶೇಷ ಆಹ್ವಾನಿತರು ಮೂರು. ಆಶಯ ನುಡಿ, ಪ್ರಾಸ್ತಾವಿಕ ನುಡಿ, ಸ್ವಾಗತ, ನಿರೂಪಣೆ, ವಂದನಾರ್ಪಣೆ. ಇವಿಷ್ಟೂ ಮುಗಿದು, ಕಾಗದದ ಕೆಳ ಅಂಚಿನಲ್ಲಿ, ಮುದ್ರಣಾಲಯದ ಹೆಸರಿಗಿಂತ ಒಂದು ನೂಲು ಮೇಲೆ: "ರಾತ್ರಿ 8ರಿಂದ ಸಾಂಸ್ಕೃತಿಕ ಕಾರ್ಯಕ್ರಮ, ಶ್ರೀ ಇಂಥವರು ಮತ್ತು ತಂಡದವರಿಂದ."

ಆ ತಂಡದಲ್ಲಿ ಪೇಟಿ ಬಾರಿಸುವವರು, ತಬಲಾದವರು, ತಾಳದವರು, ಹಿಮ್ಮೇಳದ ಹೆಣ್ಣುಮಕ್ಕಳು, ಗಾಡಿ ಹೊಡೆಯುವವನು ಎಲ್ಲ ಸೇರಿ ಹನ್ನೊಂದು ಜನ ಇರುತ್ತಾರೆ. ಅವರ ಹೆಸರೂ ಹಾಕಬಾರದೇ ಎಂದು ಕೆಲವು ಕಲಾವಿದರು ಕೇಳುತ್ತಾರೆ. ಹಾಕಬಹುದು. ಆದರೆ ವಿಶೇಷ ಆಹ್ವಾನಿತರಲ್ಲಿ ಹನ್ನೊಂದು ಜನರನ್ನು ಕಡಿಮೆ ಮಾಡಬೇಕು. ಅದಕ್ಕೆ ಬೇರೆಯೇ ಪೂರ್ವಭಾವಿ ಸಭೆ ಬೇಕು.

ಹೆಸರಿನ ವಿಷಯದಲ್ಲಿ ಉಡಾಫೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಊರಲ್ಲೇ ಪಾಠವಿದೆ. ಕೊಪ್ಪಳದ ಅತ್ಯಂತ ಹಳೆಯ ಬ್ಯಾನರುಗಳು ಎರಡು, ಒಂದು ಗವಿಮಠದ ಬಂಡೆಯ ಮೇಲೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಕ್ರಿ.ಪೂ. ಮೂರನೆಯ ಶತಮಾನದವು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಗುಣಮಟ್ಟದ ಬಗ್ಗೆ ತಕರಾರಿಲ್ಲ. ಇಷ್ಟು ವರ್ಷದಲ್ಲಿ ಗಾಳಿಗೆ ಹರಿದಿಲ್ಲ, ನಗರಸಭೆಯವರೂ ತೆರವು ಮಾಡಿಲ್ಲ. ಆದರೆ ಒಕ್ಕಣೆ ಪೂರಾ ತಪ್ಪು. ಹಾಕಿಸಿದವನು ಅಶೋಕ ಚಕ್ರವರ್ತಿ. ತನ್ನ ಹೆಸರನ್ನೇ ಹಾಕಿಸಿಲ್ಲ! ದೇವಾನಾಂಪಿಯ ಎಂಬ ಬಿರುದಷ್ಟೇ ಇದೆ. ಹೆಸರು ಬೇಕಾದರೆ ಮಸ್ಕಿಯ ಬಂಡೆಯವರೆಗೆ ಹೋಗಬೇಕು. ಫೋಟೊ ಇಲ್ಲ, ಶುಭ ಕೋರುವವರು ಇಲ್ಲ. ಒಳಗಿನ ಮಾತೋ, ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನಪಟ್ಟರೆ ಮೇಲಿನದು ಸಿಗುತ್ತದೆ ಎಂಬ ಧಾಟಿಯದು. ಇಂಥ ಕರಡು ಇಂದು ಮೇಜಿಗೆ ಬಂದರೆ ಶಿಷ್ಟಾಚಾರ ನೋಡಿಕೊಳ್ಳುವವರು ಕೆಂಪು ಶಾಯಿಯಲ್ಲಿ ವಾಪಸು ಕಳಿಸುತ್ತಾರೆ. ಇಟಗಿಯ ಶಾಸನ ಈ ವಿಷಯದಲ್ಲಿ ಎಷ್ಟೋ ವಾಸಿ. ಅರಸನಿಗೆ ಅರಸನ ಜಾಗ, ದಂಡನಾಯಕನಿಗೆ ದಂಡನಾಯಕನ ಜಾಗ. ನಮ್ಮ ಸಮಿತಿಗಳು ಅನುಸರಿಸಬೇಕಾದದ್ದು ಇದನ್ನೇ.

ತೊಗಲು ಗೊಂಬೆಯಾಟದಲ್ಲೂ ಇಂಥದೇ ಮೂಲಭೂತ ದೋಷವಿದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಆಗ ಅವರ ವಯಸ್ಸು 96. ಹದಿಹರೆಯದಿಂದ ರಾಮಾಯಣ, ಮಹಾಭಾರತ ಆಡಿಸಿದವರು, ಹೊರದೇಶಗಳಿಗೂ ಗೊಂಬೆ ಒಯ್ದವರು. ದೆಹಲಿಯವರು ಗುರುತಿಸಿದ್ದರಲ್ಲಿ ತಪ್ಪಿಲ್ಲ, ಆದರೆ ತಾಂತ್ರಿಕ ತೊಂದರೆಯನ್ನು ಅವರು ಗಮನಿಸಿಲ್ಲ. ಈ ಆಟದಲ್ಲಿ ಕಲಾವಿದರು ಕೂತಿರುವುದು ಪರದೆಯ ಹಿಂದೆ! ಕಾಣುವುದು ಬಣ್ಣದ ತೊಗಲಿನ ಮೂಲಕ ಬಂದ ಬೆಳಕು ಮಾತ್ರ. ಯಾರಿಗೆ ಶಾಲು ಹೊದಿಸುವುದು, ಹನುಮಂತನಿಗೋ? ಇನ್ನೂ ಒಂದು. ಗೊಂಬೆ ಕಾಣಬೇಕಾದರೆ ಮುಂದೆ ಕತ್ತಲೆ ಬೇಕು. ಫೋಕಸ್ ಲೈಟು ಆರಿಸಿದರೆ ಮೊದಲನೇ ಸಾಲಿನ ಗಣ್ಯರು ಕತ್ತಲಲ್ಲಿ ಉಳಿಯುತ್ತಾರೆ, ಫೋಟೊ ಬರುವುದಿಲ್ಲ. ಹೀಗಾಗಿ ಅನೇಕ ಕಡೆ ಲೈಟು ಹಾಗೇ ಇಟ್ಟು ಆಟ ಆಡಿಸುವ ಹೊಸ ಕ್ರಮ ಬಂದಿದೆ. ಅದರಲ್ಲಿ ಗೊಂಬೆ ಕಾಣದಿದ್ದರೂ ಬಿಳಿ ಪರದೆ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ವೇದಿಕೆಯ ಹಿಂದೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ನಡೆದ ಒಂದು ಸಂವಾದವನ್ನು ಸಂಶೋಧಕರ ಉಪಯೋಗಕ್ಕಾಗಿ ಕೊಡುತ್ತೇನೆ. ಒಬ್ಬರು ಗೊಂಬೆಯಾಟದ ಮಾಸ್ತರು. ಇನ್ನೊಬ್ಬರು ಬ್ಯಾಡ್ಜ್ ಹಾಕಿದವರು.

"ಸರ, ನಮ್ದು ಯಾವಾಗ್ರಿ?"

"ಸನ್ಮಾನ ನಡದೈತ್ರಿ. ಅದ ಮುಗದ ಕೂಡ್ಲೆ ನಿಮ್ದ."

"ಇನ್ನೂ ಎಷ್ಟ ಮಂದಿ ಅದಾರ್ರಿ?"

"ಇಪ್ಪತ್ತಾರು ಮಂದಿ ಉಳದಾರ್ರಿ."

"ನಮ್ಮ ಪೆಟಿಗ್ಯಾಗ ಇವತ್ತ ಅಷ್ಟ ಗೊಂಬಿನ ತಂದಿಲ್ರಿ."

"ಹತ್ತ ನಿಮಿಷ ಕೊಡ್ತೀವಿ. ಎಷ್ಟ ಆಗ್ತೈತಿ ಅಷ್ಟ ಮಾಡ್ರಿ."

"ಹತ್ತ ನಿಮಿಷದಾಗ ಗಣಪತಿ ಪೂಜಿನ ಮುಗಿಯೂದಿಲ್ರಿ. ಸೀತಾನ್ನ ಒಯ್ಯೂದು ಯಾವಾಗ, ತರೂದು ಯಾವಾಗ?"

"ಒಯ್ಯೂದು ಬಿಟ್ಟಬಿಡ್ರಿ. ಒಯ್ಯಲಿಲ್ಲಂದ್ರ ತರೂದೂ ಇಲ್ಲ. ಸೀದಾ ಪಟ್ಟಾಭಿಷೇಕಕ್ಕ ಹೋಗ್ರಿ."

ಈ ಸಲಹೆಯ ಆಳವನ್ನು ಆ ಹೊತ್ತಿನಲ್ಲಿ ಯಾರೂ ಗಮನಿಸಲಿಲ್ಲ. ವೇದಿಕೆ, ಸಿಂಹಾಸನ, ಹೂವಿನ ಹಾರ, ಸುತ್ತ ನಿಂತ ಪರಿವಾರ, ಕೊನೆಗೆ ಒಂದು ಗ್ರೂಪ್ ಫೋಟೊ. ಪಟ್ಟಾಭಿಷೇಕ ಎಂದರೆ ಇದೇ ತಾನೇ? ಪ್ರೇಕ್ಷಕರು ಸಂಜೆ ಆರರಿಂದ ನೋಡುತ್ತಿದ್ದುದೂ ಅದನ್ನೇ. ಮಧ್ಯೆ ಕಾಡು, ಯುದ್ಧ ಬಂದು ರಸಭಂಗವಾಗುವುದು ತಪ್ಪಿತು.

ನೆನಪಿನ ಕಾಣಿಕೆಯ ವಿಷಯಕ್ಕೆ ಬರೋಣ. ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಇದ್ದಾರಲ್ಲ, ಅವರ ಗೊಂಬೆಯನ್ನೇ ಏಕೆ ಕೊಡಬಾರದು ಎಂದು ಪ್ರತಿ ಸಭೆಯಲ್ಲೂ ಒಬ್ಬರು ಎದ್ದು ಕೇಳುತ್ತಾರೆ. ಕಿನ್ನಾಳದ ಗೊಂಬೆ ಹೇಗಾಗುತ್ತದೆ ಎಂದು ಅವರಿಗೆ ಗೊತ್ತಿಲ್ಲ. ಹಗುರ ಮರ ಕಡಿದು ಒಣಗಿಸಬೇಕು. ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಬೇಕು. ಕಟ್ಟಿಗೆ ಹೊಟ್ಟು, ನೆನೆಸಿದ ಸೆಣಬಿನ ಚಿಂದಿ, ಅದೇ ಅಂಟು ಸೇರಿಸಿ ಅರೆದ ಕಿಟ್ಟವನ್ನು ಮೆತ್ತಿ ಸಂದು ಮುಚ್ಚಬೇಕು. ಒಡವೆಗಳನ್ನು ಉಬ್ಬುಉಬ್ಬಾಗಿ ಎಳೆಯಬೇಕು. ಬಣ್ಣ ಆಮೇಲೆ. ಇಷ್ಟೆಲ್ಲ ಮಾಡಿದ ಗರುಡನ ಮೇಲೆ ಕಾರ್ಯಕ್ರಮದ ಹೆಸರು, ವರ್ಷ, ಕೊಟ್ಟವರ ಹೆಸರು, ಪಡೆದವರ ಹೆಸರು ಬರೆಯಲು ಜಾಗ ಎಲ್ಲಿದೆ? ರೆಕ್ಕೆಯ ಮೇಲೆ ಬರೆದರೆ ಅಧ್ಯಕ್ಷರ ಹೆಸರು ಹಿಂಬದಿಗೆ ಹೋಗುತ್ತದೆ. ಫೈಬರ್ ಶೀಲ್ಡಿನಲ್ಲಿ ಈ ಸಮಸ್ಯೆ ಇಲ್ಲ. ಅದರ ಮೇಲೆ ಬೇರೇನೂ ಇರುವುದಿಲ್ಲವಾದ್ದರಿಂದ ಎಲ್ಲ ಜಾಗವೂ ಹೆಸರಿಗೇ.

ಹಳ್ಳಿ ಜಾತ್ರೆಯ ನಾಟಕಗಳನ್ನು ಈ ಮುನ್ಸೂಚನೆಗೆ ಸೇರಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕುಷ್ಟಗಿ, ಯಲಬುರ್ಗಾ ಕಡೆ ಊರೂರಿಗೆ ಇವು ನಡೆಯುತ್ತವೆ, ಅದೂ ಮುಂದೂಡದೆ. ನಾಟಕಕ್ಕೆ ಎರಡು ಹೆಸರು, ನಡುವೆ "ಅರ್ಥಾತ್". ಹ್ಯಾಂಡ್‌ಬಿಲ್ಲಿನಲ್ಲಿ ನಾಯಕ, ಖಳನಾಯಕ, ಹಾಸ್ಯದವನು, ಪೇಟಿ ಮಾಸ್ತರು, ಕ್ಯಾಸಿಯೊದವನು, ಡ್ರಾಮಾ ಸೀನ್ಸಿನವರು, ಹೊರಗಿನಿಂದ ಬರುವ ನಟಿಯರು, ಎಲ್ಲರದೂ ಹೆಸರು, ಫೋಟೊ. ತಂಡ ಎಂಬ ಒಂದೇ ಚೀಲಕ್ಕೆ ಅವರನ್ನು ತುಂಬುವ ಮಿತವ್ಯಯ ಇವರಿಗೆ ತಿಳಿದಿಲ್ಲ. ರಾತ್ರಿ ಹತ್ತೂವರೆಗೆ ನಾಂದಿ. ಹಗಲೆಲ್ಲ ಪಂಪ್‌ಸೆಟ್ ಮೋಟಾರು ಕಟ್ಟುವ ಹುಡುಗ ಜಮೀನ್ದಾರನಾಗಿ ಗುಡುಗುತ್ತಾನೆ. ತಾಯಿ ಸಾಯುವ ಸೀನಿನಲ್ಲಿ, ಕೊನೆಯುಸಿರಿಗೂ ಮುಂಚೆ, ಮೈಕಿನಲ್ಲಿ ಆಯೇರಿ ಕೂಗುತ್ತಾರೆ: ಇಂಥ ಓಣಿಯ ಇಂಥವರು ತಾಯಿ ಪಾತ್ರ ಮೆಚ್ಚಿ 101 ರೂಪಾಯಿ. ತಾಯಿ ಎದ್ದು ಕೂತು, ಕೈಮುಗಿದು, ನೋಟು ಇಸಿದುಕೊಂಡು, ಮತ್ತೆ ಮಲಗಿ ಸಾಯುತ್ತಾಳೆ. ಅತಿಥಿಗಳೂ ಇದ್ದಾರೆ, ಆದರೆ ಅವರ ಭಾಷಣ ಎರಡು ನಿಮಿಷ ದಾಟಿದರೆ ಹಿಂದಿನಿಂದ ಸೀಟಿ ಬೀಳುತ್ತದೆ. ಜನ ಮನೆಯಿಂದ ಚಾಪೆ, ಕಂಬಳಿ ತಂದು ಬೆಳಗಿನ ತನಕ ಕೂತೇ ಇರುತ್ತಾರೆ. ಬಾಡಿಗೆ ಕುರ್ಚಿ ಇಲ್ಲದಿರುವುದರಿಂದ ಖಾಲಿ ಕುರ್ಚಿಯೂ ಇಲ್ಲ, ಹಾಗಾಗಿ ಹಾಜರಾತಿ ಲೆಕ್ಕ ಹಾಕುವ ನನ್ನ ವಿಧಾನ ಇಲ್ಲಿ ನಡೆಯುವುದಿಲ್ಲ. ಕೈಬಿಟ್ಟಿದ್ದೇನೆ.

ಧ್ವನಿವರ್ಧಕದ ಬಗ್ಗೆ ಒಂದೇ ಮಾತು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದಲ್ಲಿ, ಶಿಲಾಯುಗದವರೆಂದು ನಾವು ಹಗುರಾಗಿ ಮಾತಾಡುವ ಜನರ ನೂರಾರು ಕಲ್ಲುಮನೆಗಳ ನಡುವೆ, ನಗಾರಿಯ ಆಕಾರದ ಒಂದು ಗುಂಡಿದೆ. ಬಡಿದರೆ ದೂರದವರೆಗೆ ಕೇಳುತ್ತದೆ. ಹಲೋ, ಮೈಕ್ ಟೆಸ್ಟಿಂಗ್ ಎನ್ನಬೇಕಾಗಿಲ್ಲ. ಅಲ್ಲಿಂದ ಈಚೆಗೆ ನಾವು ಸಾಧಿಸಿದ್ದು ಟೆಸ್ಟಿಂಗ್ ಮಾತ್ರ.

ಈ ಎಲ್ಲ ಅಧ್ಯಯನವನ್ನು ಮೆಚ್ಚಿ ಬರುವ ಉತ್ಸವವೊಂದರ ಆಹ್ವಾನ ಪತ್ರಿಕೆ ಸಮಿತಿಗೆ ನನ್ನನ್ನು ಸಲಹೆಗಾರನನ್ನಾಗಿ ತೆಗೆದುಕೊಂಡಿದ್ದಾರೆ. ನಿನ್ನೆ ಡಿಟಿಪಿ ಹುಡುಗ ಫೋನು ಮಾಡಿದ. ನುಡಿ ತಂತ್ರಾಂಶದಲ್ಲಿ ಅಕ್ಷರವನ್ನು ಎಂಟು ಪಾಯಿಂಟಿಗೆ ಇಳಿಸಿದ್ದಾನೆ, ಅಂಚಿನ ಬಳ್ಳಿ ತೆಗೆದಿದ್ದಾನೆ, ತಂಡವನ್ನೂ ತೆಗೆದಿದ್ದಾನೆ, ಆದರೂ ನಾಲ್ಕು ವಿಶೇಷ ಆಹ್ವಾನಿತರು ಹೊರಗೇ ಉಳಿದಿದ್ದಾರೆ.

"ಸರ, ಜಾಗ ಸಾಲವಲ್ದು. ದಿನಾಂಕ ತಗದಬಿಡ್ಲೇನ್ರಿ?"

ತೆಗೆಯಲು ಹೇಳಿದೆ. ಇನ್ನು ಮುಂದೂಡುವ ಖರ್ಚೂ ಉಳಿಯಿತು.